ಆನೆ ಮತ್ತೆ ಬರುವ ಊರಿನಲ್ಲಿ ಟ್ರಾಮಾ ಥೆರಪಿ: ನನ್ನ ಅನುಭವ

ಟ್ರಾಮಾ ಅಂದರೆ ಭೀಕರ ಘಟನೆಯೊಂದು ಮನಸ್ಸಿನಲ್ಲಿ ಉಳಿಸಿಹೋದ ಆಘಾತ. ಅದರ ಚಿಕಿತ್ಸೆಯ ಪಠ್ಯಪುಸ್ತಕಗಳಲ್ಲಿ ಒಂದು ಮಾತು ಪದೇ ಪದೇ ಬರುತ್ತದೆ. ಅಪಾಯ ಮುಗಿದುಹೋಗಿದೆ, ಆದರೆ ಮೈಗೆ ಅದಿನ್ನೂ ಗೊತ್ತಾಗಿಲ್ಲ, ಗೊತ್ತು ಮಾಡಿಸುವುದೇ ಥೆರಪಿ ಅಂತ. ಓದುವಾಗ ಸರಿ ಅನ್ನಿಸುತ್ತದೆ. ಆದರೆ ನಾನು ಕೆಲಸ ಮಾಡುವುದು ಹಾಸನದಲ್ಲಿ. ನನ್ನ ಹತ್ತಿರ ಬರುವವರಲ್ಲಿ ಸಕಲೇಶಪುರ, ಆಲೂರು, ಬೇಲೂರು ಕಡೆಯವರು ಸಾಕಷ್ಟು ಜನ. ಆನೆ ಅಟ್ಟಿಸಿಕೊಂಡು ಬಂದು, ಸ್ವಲ್ಪದರಲ್ಲಿ ಜೀವ ಉಳಿದವರಿಗೆ "ಅಪಾಯ ಮುಗಿಯಿತು" ಅಂತ ಯಾವ ಬಾಯಲ್ಲಿ ಹೇಳಲಿ? ಆನೆ ಮುಂದಿನ ವಾರ ಅದೇ ತೋಟಕ್ಕೆ ಮತ್ತೆ ಬರುತ್ತದೆ. ನಾನು ಹಾಗೆ ಹೇಳಿದರೆ ಅವರು ನಕ್ಕು ಎದ್ದು ಹೋಗುತ್ತಾರೆ. ಹೋಗಬೇಕಾದ್ದೇ.

ಹಾಗಾಗಿ ಇಲ್ಲಿ ನಾನು ಮಾಡುವುದು ಹೆದರಿಕೆ ಓಡಿಸುವ ಕೆಲಸ ಅಲ್ಲ. ಯಾವ ಹೆದರಿಕೆ ಇರಬೇಕು, ಯಾವುದು ಅನಗತ್ಯವಾಗಿ ಜೊತೆಗೆ ಅಂಟಿಕೊಂಡು ಬಂದಿದೆ ಅಂತ ಬಿಡಿಸಿ ನೋಡುವ ಕೆಲಸ. ಅದು ಹೇಗೆ ನಡೆಯುತ್ತದೆ ಅಂತ ಒಬ್ಬರ ಕಥೆಯನ್ನೇ ಇಟ್ಟುಕೊಂಡು ಹೇಳುತ್ತೇನೆ. ಅವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.

ಮೊದಲು ನನ್ನ ಬಗ್ಗೆ ಎರಡು ಮಾತು. ನಾನು ಓದಿದ್ದು ಕ್ಲಿನಿಕಲ್ ಸೈಕಾಲಜಿ. ಮಾತ್ರೆ ಬರೆಯುವ ಡಾಕ್ಟರ್ ಅಲ್ಲ. ಅದು ಬೇಕಾದಾಗ ಮನೋವೈದ್ಯರ ಹತ್ತಿರ ಕಳಿಸುತ್ತೇನೆ. ನನ್ನ ರೂಮು ಹಲ್ಲಿನ ಡಾಕ್ಟರ ಕ್ಲಿನಿಕ್ ಪಕ್ಕದಲ್ಲೇ ಇದೆ. ಬಾಡಿಗೆ ಕಡಿಮೆ ಅಂತ ಹಿಡಿದ ಜಾಗ. ಆಮೇಲೆ ಗೊತ್ತಾಯಿತು, ಇದಕ್ಕಿಂತ ಒಳ್ಳೆ ಜಾಗ ಸಿಗುತ್ತಲೇ ಇರಲಿಲ್ಲ ಅಂತ. ಮೆಟ್ಟಿಲ ಮೇಲೆ ಗುರುತಿನವರು ಸಿಕ್ಕರೆ "ಹಲ್ಲುನೋವು" ಅಂದು ಪಾರಾಗಬಹುದು. ಹಾಸನ ದೊಡ್ಡ ಊರೇನಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೊಬ್ಬರು ನೋಡಿಯೇ ನೋಡುತ್ತಾರೆ.

ಇನ್ನೊಂದು ವಿಷಯ. "ನನಗೆ ಟ್ರಾಮಾ ಆಗಿದೆ" ಅಂತ ಹೇಳಿಕೊಂಡು ಯಾರೂ ಬರುವುದಿಲ್ಲ. ನಿದ್ದೆ ಇಲ್ಲ ಅಂತ ಬರುತ್ತಾರೆ. ತಲೆನೋವು ಅಂತ ಬರುತ್ತಾರೆ. ಎದೆ ಡವಡವ ಅನ್ನುತ್ತದೆ, ಕೈಕಾಲು ತಣ್ಣಗಾಗುತ್ತದೆ ಅಂತ ಬರುತ್ತಾರೆ. 2025ರ ಜೂನ್, ಜುಲೈ ತಿಂಗಳುಗಳನ್ನು ನಮ್ಮ ಕಡೆಯವರು ಮರೆತಿರಲಿಕ್ಕಿಲ್ಲ. ಯಾವ ಟಿವಿ ಹಾಕಿದರೂ ಹಾಸನದ ಹೃದಯಾಘಾತದ್ದೇ ಸುದ್ದಿ. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವದಿಂದಲೇ ಸಾಲು. ಆ ದಿನಗಳಲ್ಲಿ ಇಸಿಜಿ, ಎಕೋ ಎಲ್ಲ ಮಾಡಿಸಿ, ಎಲ್ಲ ನಾರ್ಮಲ್ ಅಂತ ಬಂದರೂ ಎದೆ ಹಿಡಿದುಕೊಂಡೇ ಇದ್ದ ಒಬ್ಬ ಹೆಂಗಸು ನನ್ನಲ್ಲಿಗೆ ಬಂದರು. ಮಾತಾಡುತ್ತಾ ಹೋದಂತೆ ತಿಳಿಯಿತು. ಎರಡು ವರ್ಷದ ಹಿಂದೆ ಘಾಟಿಯಲ್ಲಿ ಅವರಿದ್ದ ವ್ಯಾನ್ ಉರುಳಿತ್ತು. ಎದೆಬಡಿತ ಶುರುವಾಗುತ್ತಿದ್ದದ್ದು ವಾಹನ ತಿರುವಿನಲ್ಲಿ ವಾಲಿದಾಗ ಮಾತ್ರ. ಹೃದಯದ ಪರೀಕ್ಷೆ ಮೊದಲು ಮಾಡಿಸಿದ್ದು ಸರಿಯೇ. ಅದನ್ನು ಬಿಟ್ಟು ನೇರ ನನ್ನ ಹತ್ತಿರ ಬನ್ನಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ಈಗ ಕಥೆಗೆ ಬರುತ್ತೇನೆ. ಸಕಲೇಶಪುರ ತಾಲ್ಲೂಕಿನ ಸಣ್ಣ ಬೆಳೆಗಾರರೊಬ್ಬರು. ವಯಸ್ಸು ನಲವತ್ತರ ಆಸುಪಾಸು. ಬೇಸಿಗೆಯ ಒಂದು ಬೆಳಗ್ಗೆ ರೋಬಸ್ಟಾ ಕಾಫಿಗೆ ನೀರು ಹೊಡೆಯಲು ಸ್ಪ್ರಿಂಕ್ಲರ್ ಪೈಪ್ ಬದಲಿಸಲು ಹೋಗಿದ್ದರು. ಜೊತೆಗೆ ಒಬ್ಬ ಸ್ನೇಹಿತ. ಇಬ್ಬರೂ ಚಿಕ್ಕಂದಿನಿಂದ ಒಟ್ಟಿಗೆ ಬೆಳೆದವರು. ಮರಗಳ ಸಂದಿಯಿಂದ ಒಂಟಿ ಸಲಗ ಬಂತು. ಇವರು ಓಡಿ, ಎಡವಿ, ತೊಟ್ಟಿಲು ಗುಂಡಿಯೊಳಗೆ ಬಿದ್ದರು. ಕಾಫಿ ಸಾಲಿನ ನಡುವೆ ನೀರು ಇಂಗಲಿ ಅಂತ ತೋಡಿರುತ್ತಾರಲ್ಲ, ಅದೇ ಗುಂಡಿ. ಇವರು ಉಳಿದರು. ಸ್ನೇಹಿತ ಉಳಿಯಲಿಲ್ಲ.

ನನ್ನ ಹತ್ತಿರ ಬರುವಷ್ಟರಲ್ಲಿ ಅರ್ಧ ವರ್ಷ ದಾಟಿತ್ತು. ಈ ನಡುವೆ ತಾಯತ ಕಟ್ಟಿಸಿದ್ದರು. ಧರ್ಮಸ್ಥಳಕ್ಕೆ ಹೋಗಿಬಂದಿದ್ದರು. ಮೆಡಿಕಲ್ ಸ್ಟೋರಿನಿಂದ ನಿದ್ದೆ ಮಾತ್ರೆ ತಂದು ನುಂಗುತ್ತಿದ್ದರು. ತಾಯತದ ಬಗ್ಗೆ ನಾನು ಯಾವತ್ತೂ ತಕರಾರು ಮಾಡುವುದಿಲ್ಲ. ಅದು ಅವರ ನಂಬಿಕೆ, ನನ್ನ ಕೆಲಸಕ್ಕೆ ಅಡ್ಡಿಯಿಲ್ಲ. ನಿದ್ದೆ ಮಾತ್ರೆಯ ಬಗ್ಗೆ ತಕರಾರಿದೆ. ಅಂಥ ಮಾತ್ರೆಗಳು ಟ್ರಾಮಾವನ್ನು ವಾಸಿ ಮಾಡುವುದಿಲ್ಲ, ಅಭ್ಯಾಸವಾಗಿ ಅಂಟಿಕೊಳ್ಳುತ್ತವೆ. ಹಾಗಂತ ತಟ್ಟನೆ ನಿಲ್ಲಿಸುವುದೂ ಅಪಾಯ. ಮನೋವೈದ್ಯರು ನೋಡಿ, ಅದನ್ನು ನಿಧಾನವಾಗಿ ಇಳಿಸಿ, ಖಿನ್ನತೆ, ಆತಂಕಕ್ಕೆ ಕೊಡುವ ಸರ್ಟ್ರಾಲಿನ್ ಮಾತ್ರೆ ಶುರು ಮಾಡಿದರು.

ಮೊದಲ ದಿನ ಅವರು ಹೆಚ್ಚು ಮಾತಾಡಲಿಲ್ಲ. ಹೇಳಿದ್ದೆಲ್ಲ ಹೆಂಡತಿಯೇ. "ರಾತ್ರಿ ಎದ್ದು ಕೂತ್ಕೋತಾರೆ. ಸೌದೆ ಮುರಿದ ಶಬ್ದ ಕೇಳಿದ್ರೂ ಬೆಚ್ಚಿಬೀಳ್ತಾರೆ. ತೋಟದ ಕಡೆ ತಲೆನೇ ಹಾಕಲ್ಲ. ಮಕ್ಕಳ ಮೇಲೆ ಸುಮ್ಸುಮ್ನೆ ರೇಗ್ತಾರೆ." ಹೊರಡುವಾಗ, ಏನೋ ಸಣ್ಣ ವಿಷಯ ಅನ್ನುವ ಹಾಗೆ ಸೇರಿಸಿದರು: "ನಾನು ಹೂ ಮುಡಿಯೋದೂ ಬಿಟ್ಟಿದೀನಿ ಮೇಡಂ. ಮಲ್ಲಿಗೆ ವಾಸನೆ ಇವ್ರಿಗೆ ಆಗಲ್ಲ. ವಾಂತಿ ಮಾಡ್ಕೋತಾರೆ."

ನಾನು ಮತ್ತೆ ಕೂರಿಸಿದೆ. ಆನೆಗೂ ಮಲ್ಲಿಗೆಗೂ ಏನು ಸಂಬಂಧ? ಕಾಫಿ ಸೀಮೆಯವರಿಗೆ ಆಗಲೇ ಹೊಳೆದಿರಬೇಕು. ರೋಬಸ್ಟಾಗೆ ನೀರು ಹೊಡೆದು ಒಂಬತ್ತು ಹತ್ತು ದಿನಕ್ಕೆ ಹೂವಾಗುತ್ತದೆ. ಒಂದು ಬ್ಲಾಕಿಗೆ ಮೊದಲೇ ನೀರಾಗಿತ್ತು. ಪೈಪ್ ಬದಲಿಸುತ್ತಿದ್ದ ಆ ಬೆಳಗ್ಗೆ ಪಕ್ಕದ ಬ್ಲಾಕ್ ಬೆಳ್ಳಗೆ ಅರಳಿ ನಿಂತಿತ್ತು. ಕಾಫಿ ಹೂವಿನ ಘಮ ಹೆಚ್ಚು ಕಡಿಮೆ ಮಲ್ಲಿಗೆಯದ್ದೇ. ಆ ಗುಂಡಿಯೊಳಗೆ ಮುಖ ಹುದುಗಿಸಿ ಮಲಗಿದ್ದಷ್ಟು ಹೊತ್ತೂ ಅವರ ಮೂಗಿಗೆ ಬಡಿಯುತ್ತಿದ್ದದ್ದು ಅದೇ ವಾಸನೆ.

ಟ್ರಾಮಾ ಅಂದರೆ ಇದೇ. ಮಾಮೂಲಿ ನೆನಪು ಎಸ್ಟೇಟ್ ರೈಟರು ಲೆಕ್ಕದ ಪುಸ್ತಕಕ್ಕೆ ಏರಿಸಿದ ಬಾಬ್ತಿನ ಹಾಗೆ. ದಿನಾಂಕ ಇದೆ, ಮೊದಲು ಕೊನೆ ಇದೆ, ಬೇಕಾದಾಗ ತೆಗೆದು ನೋಡಬಹುದು. ಟ್ರಾಮಾದ ನೆನಪು ಪುಸ್ತಕಕ್ಕೆ ಏರದೆ ಉಳಿದ ಬಿಡಿ ಚೀಟಿ. ಅದರಲ್ಲಿ ದಿನಾಂಕವೇ ಇಲ್ಲ. ಅದಕ್ಕೇ ಅದು ಸಿಕ್ಕಾಗಲೆಲ್ಲ ಈಗಷ್ಟೇ ಆದಂತೆ ಇರುತ್ತದೆ. ವಾಸನೆ, ಸದ್ದು, ಬೆಳಕು, ಯಾವುದಾದರೂ ಸಾಕು ಅದು ಹೊರಗೆ ಬರಲು.

ಇದಕ್ಕೆ ಪಿಟಿಎಸ್‌ಡಿ (ಆಘಾತದ ನಂತರ ಉಳಿಯುವ ಒತ್ತಡದ ಕಾಯಿಲೆ) ಎಂಬ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದು 1980ರಲ್ಲಿ. ನೋಡುವ ಲಕ್ಷಣಗಳು ನಾಲ್ಕು ಬಗೆಯವು. ಆದದ್ದು ಬೇಡವೆಂದರೂ ಮತ್ತೆ ಮತ್ತೆ ಎದುರು ಬರುವುದು. ಅದನ್ನು ನೆನಪಿಸುವ ಎಲ್ಲದರಿಂದ ದೂರ ಓಡುವುದು. ತನ್ನ ಬಗ್ಗೆ, ಜಗತ್ತಿನ ಬಗ್ಗೆ ಯೋಚನೆ ಕಪ್ಪಾಗುವುದು. ಮೈ ಸದಾ ಎಚ್ಚರದಲ್ಲಿ ಬಿಗಿದುಕೊಂಡಿರುವುದು. ಇವೆಲ್ಲ ಒಂದು ತಿಂಗಳಿಗಿಂತ ಹೆಚ್ಚು ಕಾಲ ಉಳಿದು, ಬದುಕಿಗೆ ಅಡ್ಡ ಬಂದರೆ ಮಾತ್ರ ಆ ಹೆಸರು. ಮೊದಲ ಕೆಲವು ವಾರ ನಿದ್ದೆ ಕೆಡುವುದು, ಬೆಚ್ಚಿಬೀಳುವುದು ಕಾಯಿಲೆ ಅಲ್ಲ. ಹೆಚ್ಚಿನವರು ಮನೆಯವರ, ನೆಂಟರಿಷ್ಟರ ಆಸರೆಯಲ್ಲೇ ಚೇತರಿಸಿಕೊಳ್ಳುತ್ತಾರೆ.

ಇದನ್ನು ಒತ್ತಿ ಹೇಳಲು ಕಾರಣ ಇದೆ. ದುರಂತ ನಡೆದ ಮರುದಿನವೇ ಫೋನ್ ಬರುತ್ತದೆ. "ಮೇಡಂ, ಬೇಗ ಬಂದು ಎಲ್ಲರನ್ನೂ ಕೂರಿಸಿಕೊಂಡು ಕೌನ್ಸೆಲಿಂಗ್ ಮಾಡಿ, ಮನಸ್ಸಿನಲ್ಲಿ ಇರೋದನ್ನ ಹೊರಗೆ ಹಾಕಿಸಿ." ಒಳ್ಳೆಯ ಉದ್ದೇಶವೇ. ಆದರೆ ಘಟನೆಯಾದ ಕೂಡಲೇ ಒಂದೇ ಸಲ ಕೂರಿಸಿ ಎಲ್ಲವನ್ನೂ ಹೇಳಿಸುವುದರಿಂದ ಪ್ರಯೋಜನ ಇಲ್ಲ, ಕೆಲವರಿಗೆ ತೊಂದರೆಯೂ ಆಗಬಹುದು ಅಂತ ಅಧ್ಯಯನಗಳು ಹೇಳಿವೆ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯಲ್ಲಿ ಇರುವುದು ಬೇರೆ. ಸುತ್ತ ನೋಡಿ, ಹೇಳಿದರೆ ಕೇಳಿ, ಬೇಕಾದ ನೆರವಿಗೆ ಸೇರಿಸಿ. ನಮ್ಮ ಹಳ್ಳಿಗಳಲ್ಲಿ ಸಾವಿನ ಮನೆಗೆ ಅಕ್ಕಪಕ್ಕದವರು ಗಂಜಿ, ಕಾಫಿ ತಂದುಕೊಟ್ಟು, ಬಲವಂತ ಮಾಡದೆ ಪಕ್ಕದಲ್ಲಿ ಕೂರುತ್ತಾರಲ್ವಾ, ಅದು ಸುಮಾರಾಗಿ ಇದೇ. ಆ ಹೊತ್ತಿಗೆ ಅಷ್ಟೇ ಸಾಕು.

ನಮ್ಮ ಬೆಳೆಗಾರರಿಗೆ ಆ ಹೊತ್ತು ದಾಟಿತ್ತು. ಅವರ ಬದುಕು ದಿನದಿನಕ್ಕೆ ಕಿರಿದಾಗುತ್ತಿತ್ತು. ಮೊದಲು ಆ ಬ್ಲಾಕಿಗೆ ಹೋಗುವುದು ನಿಂತಿತು. ಆಮೇಲೆ ತೋಟ. ಆಮೇಲೆ ಕಣ. ಆಮೇಲೆ ಸ್ನೇಹಿತನ ಮನೆ ಇರುವ ರಸ್ತೆ. ಹಿಂದೆ ಸರಿದಾಗಲೆಲ್ಲ ಆ ಕ್ಷಣಕ್ಕೆ ಹಾಯೆನಿಸುತ್ತದೆ. ಆ ಹಾಯೇ ಹೆದರಿಕೆಗೆ ಗೊಬ್ಬರ. ಮನೆಯವರೂ ಪ್ರೀತಿಯಿಂದಲೇ "ನೀವು ಹೋಗ್ಬೇಡಿ, ಆಳು ನೋಡ್ಕೋತಾನೆ" ಅನ್ನುತ್ತಾರೆ.

ಮೊದಲ ಕೆಲವು ಸೆಷನ್‌ಗಳಲ್ಲಿ ನಾನು ಆನೆಯ ವಿಷಯಕ್ಕೇ ಹೋಗಲಿಲ್ಲ. ಮೈಗೆ ಏನಾಗುತ್ತದೆ, ಯಾಕೆ ಆಗುತ್ತದೆ ಅಂತ ವಿವರಿಸಿದೆ. ಅವರಿಗೆ ತಲೆ ಕೆಟ್ಟಿಲ್ಲ ಅಂತ ಗೊತ್ತಾಗುವುದೇ ಅರ್ಧ ನೆಮ್ಮದಿ. ಉಸಿರನ್ನು ಉದ್ದಕ್ಕೆ, ನಿಧಾನಕ್ಕೆ ಬಿಡುವುದನ್ನು ಕಲಿಸಿದೆ. ನೆನಪು ಎಳೆದುಕೊಂಡು ಹೋದಾಗ ಈ ಹೊತ್ತಿಗೆ ವಾಪಸ್ ಬರುವ ಒಂದು ಅಭ್ಯಾಸ ಇದೆ. ಕಣ್ಣಿಗೆ ಕಾಣುವ ಐದು ವಸ್ತು, ಮುಟ್ಟಬಹುದಾದ ನಾಲ್ಕು, ಕೇಳುವ ಮೂರು ಸದ್ದು, ಹೀಗೆ ಹೇಳುತ್ತಾ ಬರುವುದು. ಅವರು ಅದನ್ನು ತಮ್ಮದೇ ರೀತಿಗೆ ತಿರುಗಿಸಿಕೊಂಡರು. ಜೇಬಿನಲ್ಲಿ ಒಂದು ಹಿಡಿ ಕಾಳುಮೆಣಸು. ಒಂದು ಕಾಳು ಕಚ್ಚಿದರೆ ಸಾಕು, ಖಾರಕ್ಕೆ ಮನಸ್ಸು ಬಾಯಿಗೆ ಬಂದು ನಿಲ್ಲುತ್ತದೆ. ನಾನು ಹೇಳಿಕೊಟ್ಟದ್ದಕ್ಕಿಂತ ಇದು ಚೆನ್ನಾಗಿತ್ತು. ಈಗ ಬೇರೆಯವರಿಗೂ ಹೇಳುತ್ತೇನೆ.

ಆಮೇಲೆ ಹೆದರಿಕೆಯ ಮೆಟ್ಟಿಲು. ಯಾವುದಕ್ಕೆ ಎಷ್ಟು ಹೆದರಿಕೆ ಅಂತ ಸೊನ್ನೆಯಿಂದ ನೂರರವರೆಗೆ ಅಂಕ ಕೊಡಿ ಅಂತ ಕೇಳುವುದು ವಾಡಿಕೆ. ಅವರು ಎಲ್ಲದಕ್ಕೂ "ಐವತ್ತು ಅಂತ ಬರ್ಕೊಳಿ" ಅಂದರು. ಅಂಕ ಅವರ ಬಾಯಿಗೆ ಹತ್ತಲಿಲ್ಲ. ಆಗ ಕೇಳಿದೆ, ಈ ಸಲ ಮೆಣಸು ಹೇಗಿದೆ ಅಂತ. ತಟ್ಟನೆ ಬಂತು: "ಎಂಟಾಣೆ ಬೆಳೆ ಮೇಡಂ." ಹದಿನಾರಾಣೆ ಅಂದರೆ ಪೂರ್ತಿ, ಎಂಟಾಣೆ ಅಂದರೆ ಅರ್ಧ. ಹಾಗಾದರೆ ಹೆದರಿಕೆಯನ್ನೂ ಆಣೆಯಲ್ಲೇ ಹೇಳಿ ಅಂದೆ. ಅಲ್ಲಿಂದ ಸಲೀಸಾಯಿತು. ತೋಟದ ಫೋಟೊ ನೋಡುವುದು ಎರಡಾಣೆ. ಕಣದಲ್ಲಿ ನಿಲ್ಲುವುದು ನಾಲ್ಕಾಣೆ. ಸ್ಪ್ರಿಂಕ್ಲರ್ ಪೈಪ್ ಮುಟ್ಟುವುದು ಆರಾಣೆ. ಮಲ್ಲಿಗೆ ಒಂಬತ್ತಾಣೆ. ತೋಟದೊಳಗೆ ಕಾಲಿಡುವುದು ಹತ್ತಾಣೆ. ಕಾಫಿ ಹೂವಾದಾಗ ತೋಟದಲ್ಲಿರುವುದು ಹದಿಮೂರಾಣೆ. ಸ್ನೇಹಿತನ ಹೆಂಡತಿಯ ಎದುರು ನಿಲ್ಲುವುದು ಹದಿನೈದು. ಆ ಗುಂಡಿಯ ಹತ್ತಿರ ಹೋಗುವುದು ಹದಿನಾರಾಣೆ. ಇವತ್ತಿಗೂ ನನ್ನ ರೂಮಿನಲ್ಲಿ ಬೆಳೆಗಾರರ ಹೆದರಿಕೆಗೆ ಆಣೆಯೇ ಲೆಕ್ಕ. ಕಾಲೇಜು ಹುಡುಗರಿಗೆ ಮಾತ್ರ ಇದು ನಡೆಯಲ್ಲ. ಅವರಿಗೆ ಮೊಬೈಲ್ ಬ್ಯಾಟರಿಯ ಪರ್ಸೆಂಟೇ ಸರಿ.

ಪಟ್ಟಿಯನ್ನು ಇಬ್ಬರೂ ಸೇರಿ ಎರಡು ಭಾಗ ಮಾಡಿದೆವು. ಒಂದು ಕಡೆ, ಹೆದರಿಕೆ ಇದೆ ಆದರೆ ಅಪಾಯ ಇಲ್ಲ ಅನ್ನುವಂಥವು: ಮಲ್ಲಿಗೆ, ಪೈಪ್, ಕಣ, ಕಾಫಿ ಹೂವು, ಸ್ನೇಹಿತನ ಮನೆ. ಇನ್ನೊಂದು ಕಡೆ, ಅಪಾಯವೂ ಇರುವಂಥವು: ನಸುಕಿನಲ್ಲಿ ಒಬ್ಬರೇ ತೋಟಕ್ಕೆ ಹೋಗುವುದು, ಆನೆ ಇದೆ ಅಂತ ಸುದ್ದಿ ಇದ್ದಾಗ ಹೋಗುವುದು. ಎರಡನೆಯ ಸಾಲಿನ ಹೆದರಿಕೆಗೆ ನಾನು ಕೈ ಹಾಕುವುದಿಲ್ಲ ಅಂತ ಮೊದಲೇ ಹೇಳಿದೆ. ಆ ಹೆದರಿಕೆ ನಿಮ್ಮನ್ನು ಕಾಯುತ್ತದೆ, ಇರಲಿ ಅಂದೆ. ಆವತ್ತೇ ಅವರು ನನ್ನನ್ನು ನಂಬಲು ಶುರು ಮಾಡಿದ್ದು ಅಂತ ಕಾಣುತ್ತದೆ. "ನೀವು ಧೈರ್ಯ ತುಂಬಿ ನನ್ನನ್ನ ಆನೆ ಬಾಯಿಗೆ ಹಾಕ್ತೀರ ಅಂದ್ಕೊಂಡಿದ್ದೆ" ಅಂದರು.

ಮಲ್ಲಿಗೆಯ ದಿನ ನನಗೆ ಚೆನ್ನಾಗಿ ನೆನಪಿದೆ. ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಮೊಳ ಹೂ ತಂದು, ಬಾಳೆ ಎಲೆ ಸಮೇತ ಕಿಟಕಿಯ ಕಟ್ಟೆ ಮೇಲಿಟ್ಟೆ. ಅವರು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತರು. ಕಿಟಕಿ ತೆರೆದೇ ಇತ್ತು. ಬೇಕೆಂದಾಗ ಎದ್ದು ಹೋಗಬಹುದು ಅಂತ ಮೊದಲೇ ಮಾತಾಗಿತ್ತು. ಒಂಬತ್ತಾಣೆ ಅಂದರು. ಸ್ವಲ್ಪ ಹೊತ್ತಿಗೆ ಹನ್ನೊಂದು. ಹಣೆ ಬೆವರಿತು, ಬಾಯಿ ತುಂಬ ನೀರು. ಒಂದು ಮೆಣಸು ಕಾಳು ಬಾಯಿಗೆ ಹೋಯಿತು. ನಾನು ಕೇಳುತ್ತಾ ಹೋದೆ: ಈಗ ಎಲ್ಲಿದ್ದೀರಿ? ಹಾಸನ. ಹೊರಗೆ ಏನು ಕೇಳ್ತಿದೆ? ಹಲ್ಲಿನ ಡಾಕ್ಟರ ಮೆಷಿನ್. ಮೈ ಒಂದು ಎತ್ತರಕ್ಕೆ ಏರಿ, ಅಲ್ಲೇ ಸ್ವಲ್ಪ ಹೊತ್ತು ನಿಂತು, ತಾನಾಗಿ ಇಳಿಯುತ್ತದೆ. ಆದರೆ ಅಲ್ಲಿಯವರೆಗೆ ಕೂರಬೇಕು. ಮೇಲೇರಿದಾಗಲೇ ಎದ್ದು ಹೋದರೆ, ಹೂವು ಅಪಾಯ ಅನ್ನುವ ಪಾಠವೇ ಗಟ್ಟಿಯಾಗುತ್ತದೆ. ಕೊನೆಗೆ ಐದಾಣೆಗೆ ಇಳಿಯಿತು. ಕುರ್ಚಿ ಅಲ್ಲಿಂದ ಕದಲಲಿಲ್ಲ, ನಾನೂ ಕದಲಿಸಲಿಲ್ಲ. ಮುಂದಿನ ವಾರಗಳಲ್ಲಿ ಹೂವು ಕಿಟಕಿಯಿಂದ ಮೇಜಿಗೆ, ಮೇಜಿನಿಂದ ಅವರ ಕೈಗೆ ಬಂತು. ಒಂದು ದಿನ ಹೋಗುವಾಗ ಅದನ್ನು ಮನೆಗೆ ತೆಗೆದುಕೊಂಡು ಹೋದರು.

ಇನ್ನು ಘಟನೆಯನ್ನು ಹೇಳುವ ಭಾಗ. ಜನ ಥೆರಪಿ ಅಂದರೆ ಇದೊಂದೇ ಅಂದುಕೊಂಡಿರುತ್ತಾರೆ. ನಾನು ಹಿಡಿದದ್ದು ಮನಶ್ಶಾಸ್ತ್ರಜ್ಞೆ ಎಡ್ನಾ ಫೋವಾ ರೂಪಿಸಿದ ದಾರಿ. ಸಾಮಾನ್ಯವಾಗಿ ಎಂಟರಿಂದ ಹದಿನೈದು ಸೆಷನ್ ಹಿಡಿಯುತ್ತದೆ. ಕಣ್ಣು ಮುಚ್ಚಿ, ಈಗ ನಡೆಯುತ್ತಿರುವ ಹಾಗೆ, ಘಟನೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳುವುದು. ಮತ್ತೆ ಹೇಳುವುದು. ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ದಿನಾ ಕೇಳುವುದು. ಕೇಳಲು ಮನೆಯಲ್ಲಿ ಒಂಟಿ ಜಾಗ ಇರಲಿಲ್ಲ. ನಿಲ್ಲಿಸಿದ ಪಿಕಪ್ ಗಾಡಿಯಲ್ಲಿ ಕಿಟಕಿ ಏರಿಸಿಕೊಂಡು ಕೂತು ಕೇಳುತ್ತಿದ್ದರು.

ಮೊದಲ ಸಲ ಹೇಳಿದಾಗ ಇಡೀ ಘಟನೆ ನಾಲ್ಕೇ ಮಾತಿನಲ್ಲಿ ಮುಗಿಯಿತು. "ಹೋಗ್ತಾ ಇದೀವಿ. ಆನೆ ಬಂತು. ನಾನು ಬಿದ್ದೆ. ಸುಮ್ನೆ ಮಲಗಿದ್ದೆ." ಆ ಕೊನೆಯ ಮಾತನ್ನು ಹೇಳಿದ ರೀತಿಯಲ್ಲೇ ಗೊತ್ತಾಯಿತು, ಮುಳ್ಳು ಇರುವುದು ಅಲ್ಲಿ ಅಂತ. ಸ್ನೇಹಿತ ಮುಂದೆ ನಡೆಯುತ್ತಿದ್ದ. ಆನೆ ಮೊದಲು ಕಂಡದ್ದು ಇವರಿಗೆ. "ನಾನು ಒಂದು ಸಲ ಕೂಗಿದ್ರೆ ಅವ್ನು ಉಳೀತಿದ್ದ. ಹೆದರಿ ಬಾಯಿ ಮುಚ್ಕೊಂಡು ಬಿದ್ದಿದ್ದೆ." ಇದು ಆರು ತಿಂಗಳಿನಿಂದ ಅವರು ತಮಗೆ ತಾವೇ ಕೊಟ್ಟುಕೊಂಡ ತೀರ್ಪು. ರಾತ್ರಿ ಎಬ್ಬಿಸುತ್ತಿದ್ದದ್ದು ಆನೆಗಿಂತ ಹೆಚ್ಚಾಗಿ ಇದೇ.

ಇಲ್ಲಿ "ಛೇ, ನಿಮ್ಮ ತಪ್ಪೇನಿಲ್ಲ ಬಿಡಿ" ಅಂದುಬಿಡುವ ಆಸೆ ಯಾರಿಗಾದರೂ ಆಗುತ್ತದೆ. ಮನೆಯವರು ಸಾವಿರ ಸಲ ಅಂದಿರುತ್ತಾರೆ. ಪ್ರಯೋಜನ ಆಗಿರುವುದಿಲ್ಲ. ನಾನು ಮಾಡಿದ್ದು ನಿಧಾನ ಮಾಡಿಸಿದ್ದು. ಕೈಯಲ್ಲಿ ಏನಿತ್ತು? ಪೈಪಿನ ಯಾವ ತುದಿ? ಕಾಲ ಕೆಳಗೆ ಒದ್ದೆಯಾ, ಒಣಗಾ? ಸ್ನೇಹಿತ ಎಷ್ಟು ದೂರ? ಹೇಳುತ್ತಾ ಹೇಳುತ್ತಾ ವಿವರಗಳು ಒಂದೊಂದಾಗಿ ಬಂದವು. ಪೈಪ್ ಕೆಳಗೆ ಬಿದ್ದ ಸದ್ದು. ಹಲಸಿನ ಮರದ ಹಿಂದೆ ಬೂದು ಬಣ್ಣ. ಒಂದು ದಿನ ಅದೇ ಜಾಗಕ್ಕೆ ಬಂದಾಗ ಕೈ ಗಂಟಲಿಗೆ ಹೋಯಿತು. ತಡೆದು ತಡೆದು ಹೇಳಿದರು: "ಅವನ ಹೆಸ್ರು ಕೂಗ್ತೀನಿ... ಕೂಗಿದ್ದೆ ನಾನು." ಕಣ್ಣು ಬಿಟ್ಟು ನನ್ನನ್ನೇ ನೋಡಿದರು.

ನಾನು ಏನೂ ಹೇಳಲಿಲ್ಲ. ಇದು ಹುಷಾರಾಗಿರಬೇಕಾದ ಜಾಗ. ಥೆರಪಿ ಮಾಡುವವರು ಬಾಯಿಗೆ ಹಾಕಿದ ಮಾತು ಆಮೇಲೆ ನೆನಪಿನ ಹಾಗೆಯೇ ಕೂತುಬಿಡಬಹುದು. ಹಾಗಾಗಿ "ಕೂಗಿರಬಹುದಾ?" ಅಂತ ನಾನು ಯಾವತ್ತೂ ಕೇಳಿರಲಿಲ್ಲ. ಮನೆಗೆ ಹೋಗಿ ಹೆಂಡತಿಯ ಹತ್ತಿರ ಅವರೇ ಕೇಳಿದರು. ಆಕೆ ಹೇಳಿದ್ದು: "ಆವತ್ತು ಮನೆಗೆ ಬಂದಾಗ ನಿಮಗೆ ದನಿಯೇ ಇರ್ಲಿಲ್ಲ. ಎರಡು ದಿನ ಗಂಟಲು ಕಟ್ಟಿತ್ತು. ಬಿಸಿನೀರು, ಉಪ್ಪು ಕೊಟ್ಟಿದ್ದು ನಾನಲ್ವಾ?" ಗಂಟಲು ಕಟ್ಟುವಷ್ಟು ಕೂಗಿದ್ದರು. ಹಾಗಂತ ದುಃಖ ಕರಗಲಿಲ್ಲ. ಸ್ನೇಹಿತನಿಗಾಗಿ ಸರಿಯಾಗಿ ಅತ್ತದ್ದೇ ಆವಾಗ. ಅಷ್ಟು ದಿನ ತಪ್ಪಿತಸ್ಥನ ಕಟಕಟೆಯಲ್ಲಿ ನಿಂತವರಿಗೆ ಅಳಲೂ ಪುರುಸೊತ್ತಿರಲಿಲ್ಲ.

ಎಲ್ಲರಿಗೂ ಹೀಗೆ ಒಂದು ಸಾಕ್ಷಿ ಸಿಗುವುದಿಲ್ಲ. ಕೂಗಿರದೇ ಇದ್ದರೂ ಕೆಲಸ ನಡೆಯುತ್ತಿತ್ತು. ಭಯದಲ್ಲಿ ಮೈ ಮರಗಟ್ಟುವುದು ಯಾರೂ ಯೋಚಿಸಿ ಮಾಡುವ ಆಯ್ಕೆ ಅಲ್ಲ ಅನ್ನುವುದರ ಸುತ್ತ ಮಾತು ಹೋಗುತ್ತಿತ್ತು, ಅಷ್ಟೇ. ಲೈಂಗಿಕ ದೌರ್ಜನ್ಯ ಅನುಭವಿಸಿದ ಹೆಣ್ಣುಮಕ್ಕಳ ಜೊತೆ ನನ್ನ ಎಷ್ಟೋ ಹೊತ್ತು ಹೋಗುವುದು ಇದರಲ್ಲೇ. "ಯಾಕೆ ಕಿರುಚಲಿಲ್ಲ" ಅಂತ ಊರೆಲ್ಲ ಕೇಳುತ್ತದೆ, ಅವರೂ ತಮ್ಮನ್ನು ಅದನ್ನೇ ಕೇಳಿಕೊಳ್ಳುತ್ತಿರುತ್ತಾರೆ.

ಅಂಥವರಿಗೆ ನಾನು ಹೆಚ್ಚಾಗಿ ಬೇರೆ ದಾರಿ ಹಿಡಿಯುತ್ತೇನೆ. ಪೆಟ್ರಿಶಿಯಾ ರೆಸಿಕ್ ರೂಪಿಸಿದ ಹನ್ನೆರಡು ಸೆಷನ್‌ಗಳ ಪದ್ಧತಿ ಇದೆ. ಅದರಲ್ಲಿ ಘಟನೆಯನ್ನು ವಿವರವಾಗಿ ಹೇಳಲೇಬೇಕು ಅಂತೇನಿಲ್ಲ. ಆ ಘಟನೆಯಿಂದ ತನ್ನ ಬಗ್ಗೆ, ಬೇರೆಯವರ ಬಗ್ಗೆ ಏನು ನಂಬಿಕೆ ಗಟ್ಟಿಯಾಯಿತು ಅನ್ನುವುದನ್ನು ಬರೆದು ಪರೀಕ್ಷಿಸುತ್ತಾ ಹೋಗುವುದು. ಒಬ್ಬರು ಕೊನೆಯವರೆಗೂ ನನಗೆ ಏನಾಯಿತು ಅಂತ ಹೇಳಲೇ ಇಲ್ಲ. ನಾನೂ ಕೇಳಲಿಲ್ಲ. ಆದರೂ ಚೇತರಿಸಿಕೊಂಡರು. ಇನ್ನು ಕಣ್ಣಾಡಿಸುವ ಥೆರಪಿ, ಇಎಂಡಿಆರ್. ಫ್ರಾನ್ಸಿನ್ ಶಪಿರೊ 1989ರಲ್ಲಿ ಪ್ರಕಟಿಸಿದ್ದು. ನೆನಪನ್ನು ಮನಸ್ಸಿನಲ್ಲಿ ಹಿಡಿದು, ಎದುರಿನವರ ಬೆರಳು ಆಚೀಚೆ ಹೋದಂತೆ ಕಣ್ಣಾಡಿಸುವುದು. ಅದರಿಂದ ಗುಣ ಕಾಣುವುದು ನಿಜ. ಕಣ್ಣಾಡಿಸುವುದರಿಂದಲೇ ಗುಣ ಆಗುತ್ತದಾ ಅನ್ನುವ ಬಗ್ಗೆ ಮಾತ್ರ ಜಗಳ ಇನ್ನೂ ನಿಂತಿಲ್ಲ. ನಾನು ಅದರಲ್ಲಿ ತರಬೇತಿ ಪಡೆದಿಲ್ಲ, ಹಾಗಾಗಿ ಮಾಡುವುದಿಲ್ಲ.

ಮತ್ತೆ ನಮ್ಮ ಬೆಳೆಗಾರರ ವಿಷಯ. ಎಲ್ಲ ನೇರ ದಾರಿಯಲ್ಲೇ ಹೋಗಲಿಲ್ಲ. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನದೇ ಆದ ಯಸಳೂರು ವಲಯದ ದಬ್ಬಳ್ಳಿ ಕಾಡಿನಲ್ಲಿ ಕಾಡಾನೆಯ ಜೊತೆ ಕಾದಾಡಿ ದಸರಾ ಆನೆ ಅರ್ಜುನ ಸತ್ತಿತು. ಎಂಟು ಸಲ ಅಂಬಾರಿ ಹೊತ್ತ ಆನೆ. ಇಡೀ ನಾಡು ಅತ್ತಿತು. ಟಿವಿಯಲ್ಲಿ, ವಾಟ್ಸಾಪಿನಲ್ಲಿ ಬೇರೆ ಮಾತೇ ಇಲ್ಲ. ನಮ್ಮ ಬೆಳೆಗಾರರ ಹೆದರಿಕೆ ಐದಾಣೆಗೆ ಬಂದಿದ್ದದ್ದು ಒಂದೇ ರಾತ್ರಿಗೆ ಹದಿನಾಲ್ಕಕ್ಕೆ ಏರಿತು. ಅವರಿಗೆ ಮಾಡಿದ್ದೆಲ್ಲ ನೀರಿನಲ್ಲಿ ಹೋಯಿತು ಅನ್ನಿಸಿತ್ತು. ಹಾಗಾಗುವುದಿಲ್ಲ. ಏರಿದ್ದು ಈ ಸಲ ಬೇಗ ಇಳಿಯಿತು, ಯಾಕೆಂದರೆ ಇಳಿಸುವುದು ಗೊತ್ತಿತ್ತು. ನಾನು ಹೇಳಿದ್ದು ಇಷ್ಟೇ: ಟಿವಿ ಆರಿಸಿ, ಗ್ರೂಪ್ ಮ್ಯೂಟ್ ಮಾಡಿ. ಇದು ಹೆದರಿ ಓಡುವುದಲ್ಲ. ಒಂದೇ ದೃಶ್ಯವನ್ನು ದಿನವಿಡೀ ನೋಡುವುದು ಯಾರಿಗೂ ಒಳ್ಳೇದಲ್ಲ.

ಅರಣ್ಯ ಇಲಾಖೆಯ ಮೆಸೇಜ್ ಬರುವ ಗ್ರೂಪನ್ನು ಮಾತ್ರ ಮ್ಯೂಟ್ ಮಾಡಿಸಲಿಲ್ಲ. ಅದಕ್ಕೊಂದು ಕ್ರಮ ಮಾಡಿದೆವು. ಮೊದಲು ಗಂಟೆಗೆ ಎಷ್ಟೋ ಸಲ ನೋಡುತ್ತಿದ್ದರು. ಈಗ ಬೆಳಗ್ಗೆ ತೋಟಕ್ಕೆ ಹೊರಡುವ ಮುಂಚೆ, ಸಂಜೆ ವಾಪಸ್ ಬರುವ ಮುಂಚೆ. ಆನೆ ಇದೆ ಅಂದರೆ ಹೋಗುವುದಿಲ್ಲ. ಇಲ್ಲ ಅಂದರೆ ಬಿಸಿಲು ಬಿದ್ದ ಮೇಲೆ, ಇನ್ನೊಬ್ಬರ ಜೊತೆ, ಮಾತಾಡಿಕೊಂಡು ಹೋಗುವುದು. ಆ ಊರಿನಲ್ಲಿ ಯಾವ ಟ್ರಾಮಾವೂ ಇಲ್ಲದವರು ಮಾಡುವುದೂ ಇಷ್ಟೇ. ನಮ್ಮ ಕಡೆ ಓಡಾಡುವ ಭೀಮ ಅನ್ನುವ ಕಾಡಾನೆಯ ಗುರುತು ಹಿಡಿಯುವ ಮಕ್ಕಳಿಗೂ ಈ ಲೆಕ್ಕ ಗೊತ್ತು.

ಸ್ನೇಹಿತನ ಮನೆಗೆ ಹೋದದ್ದು ತೋಟಕ್ಕೆ ಹೋದ ಮೇಲೆ. ಹೋಗುವ ಮುಂಚೆ ಏನು ಹೇಳಬೇಕು ಅಂತ ನನ್ನ ಎದುರು ಅಭ್ಯಾಸ ಮಾಡಿದ್ದರು. ಅದ್ಯಾವುದೂ ಬೇಕಾಗಲಿಲ್ಲ. "ಯಾಕಣ್ಣ ಇಷ್ಟು ದಿನ ಈ ಕಡೆ ಬರ್ಲಿಲ್ಲ?" ಅಂತ ಆಕೆ ಕಾಫಿಗೆ ಇಟ್ಟರಂತೆ. ಹೂವಿನ ಹೊತ್ತಿಗೆ ತೋಟದಲ್ಲಿ ನಿಲ್ಲುವುದಕ್ಕೆ ಮಾತ್ರ ಮುಂದಿನ ಬೇಸಿಗೆಯವರೆಗೆ ಕಾಯಬೇಕಾಯಿತು. ಕಾಫಿ ನಮ್ಮ ಅನುಕೂಲಕ್ಕೆ ಅರಳುತ್ತದಾ? ಆ ಸಲ ಹದಿಮೂರರಿಂದ ಮೂರಾಣೆಗೆ ಬಂದಿತ್ತು. ಆ ತೊಟ್ಟಿಲು ಗುಂಡಿಯ ಹತ್ತಿರ ಇವತ್ತಿಗೂ ಹೋಗಿಲ್ಲ. ಹೋಗಲೇಬೇಕು ಅಂತ ನಾನೂ ಹಟ ಹಿಡಿಯಲಿಲ್ಲ. ಆ ಬ್ಲಾಕಿನ ಕೆಲಸ ಅದಿಲ್ಲದೆಯೂ ನಡೆಯುತ್ತದೆ.

ಥೆರಪಿ ಎಲ್ಲರಿಗೂ ಹೀಗೇ ಆಗುತ್ತದೆ ಅಂತ ಹೇಳಲಾರೆ. ಅರ್ಧಕ್ಕೆ ಬಿಡುವವರು ಇದ್ದಾರೆ. ಕುಯ್ಲಿನ ಹೊತ್ತಿಗೆ ಯಾರೂ ಬರಲಾಗುವುದಿಲ್ಲ, ಆಗ ಫೋನಿನಲ್ಲೇ ಮಾತು. ಕುಡಿತದಲ್ಲಿ ಮುಳುಗಿದವರಿಗೆ ಕುಡಿತಕ್ಕೂ ಒಟ್ಟಿಗೇ ಚಿಕಿತ್ಸೆ ಬೇಕು. ಹೊಡೆಯುವ ಗಂಡನ ಜೊತೆ ಅದೇ ಮನೆಯಲ್ಲಿ ಇರುವವರಿಗೆ ಮೊದಲು ಬೇಕಾದ್ದು ಕ್ಷೇಮ. ಅಲ್ಲಿ ಹೆದರಿಕೆ ಇಳಿಸುವ ಮಾತೇ ತಪ್ಪು. 181 ಮಹಿಳಾ ಸಹಾಯವಾಣಿ, ಸಖಿ ಕೇಂದ್ರ, ತವರು ಮನೆ, ಯಾವುದು ಕೈಗೆ ಸಿಗುತ್ತದೋ ಅದನ್ನು ಹಿಡಿದು ಮೊದಲು ಅವರನ್ನು ಸುರಕ್ಷಿತ ಜಾಗಕ್ಕೆ ಸೇರಿಸಬೇಕು.

ದುಡ್ಡಿನ ಬಗ್ಗೆ ಕೇಳುವವರು ಬಹಳ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೆ. ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರದ ದಿನ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುತ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ವಾರ ಅಂತ ಆಸ್ಪತ್ರೆಯಲ್ಲೇ ಕೇಳಿ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಬರುತ್ತಿದ್ದರೆ ಕಾಯಬೇಡಿ, ಈಗಲೇ ಆ ನಂಬರಿಗೆ ಫೋನ್ ಮಾಡಿ. ಖಾಸಗಿಯಾಗಿ ಥೆರಪಿಗೆ ಹೋಗುವವರು ಸಂಕೋಚ ಬಿಟ್ಟು ಮೂರು ವಿಷಯ ಕೇಳಿ: ಏನು ಓದಿದ್ದೀರಿ, ಟ್ರಾಮಾಗೆ ಯಾವ ಪದ್ಧತಿ ಹಿಡಿಯುತ್ತೀರಿ, ಸುಮಾರು ಎಷ್ಟು ದಿನ ಆಗಬಹುದು. ಇದಕ್ಕೆ ಸಿಟ್ಟಾಗುವವರ ಹತ್ತಿರ ಹೋಗಬೇಡಿ.

ನಮ್ಮ ಬೆಳೆಗಾರರು ಈಗ ಮೊದಲಿನ ಹಾಗೆ ಬರುವುದಿಲ್ಲ. ಆನೆ ಹಿಂಡು ಅವರ ಕಡೆ ಇಳಿದಾಗ ಒಂದು ಫೋನ್ ಮಾಡುತ್ತಾರೆ. ಹೋದ ಸಲ ಮಾಡಿದಾಗ ಹತ್ತಾಣೆ ಅಂದರು. ಆನೆ ಎಲ್ಲಿದೆ ಅಂತ ಕೇಳಿದೆ. ಪಕ್ಕದ ಎಸ್ಟೇಟಿನಲ್ಲೇ ಅಂದರು. "ಹಾಗಾದ್ರೆ ಹತ್ತಾಣೆ ಸರಿಯಾಗೇ ಇದೆ, ಮನೆಯಲ್ಲೇ ಇರಿ" ಅಂದೆ. ಆಮೇಲೆ ಅವರು ತಮ್ಮ ಭಾವಮೈದುನನಿಗೆ ಒಂದು ಅಪಾಯಿಂಟ್‌ಮೆಂಟ್ ಕೇಳಿದರು. ಬೈಕ್ ಬಿದ್ದಾಗಿನಿಂದ ಅವನಿಗೆ ನಿದ್ದೆ ಇಲ್ಲವಂತೆ. ಹಲ್ಲಿನ ಡಾಕ್ಟರ ಹತ್ತಿರ ಅಂತ ಹೇಳಿ ಕರೆದುಕೊಂಡು ಬರುತ್ತೇನೆ ಅಂದರು. ಬೇಡ, ನಿಜ ಹೇಳಿಯೇ ಕರೆತನ್ನಿ ಅಂದಿದ್ದೇನೆ.